ಬೆಳಿಗ್ಗೆ ಹನ್ನೊಂದರ ನಿದ್ದೆ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸೊಂಟ ಕೈಕೊಟ್ಟ ಮೇಲೆ ಆರೋಗ್ಯ ಇಲಾಖೆಯವರು ಅವಳನ್ನು ತಪಾಸಣೆಯ ಕೆಲಸಕ್ಕೆ ಹಾಕಿದರು. ವಯಸ್ಸಾಗಿ ಹಾಸಿಗೆ ಹಿಡಿದವರನ್ನು, ಮನೆಯಲ್ಲಿ ನೋಡಿಕೊಳ್ಳಲಾಗದವರನ್ನು ಇಟ್ಟುಕೊಳ್ಳುವ ಆರೈಕೆ ಮನೆಗಳು ನಮ್ಮ ಊರಿನ ಸುತ್ತ ಮೂವತ್ತೆಂಟು ಇದ್ದವು. ಅವುಗಳಿಗೆ ಹೋಗಿ, ಅಲ್ಲಿನವರನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಪರೀಕ್ಷಿಸಿ, ನೂರಕ್ಕೆ ಇಷ್ಟು ಎಂದು ಅಂಕ ಹಾಕಿ ಬರುವುದು ಅವಳ ಕೆಲಸ.

ಅದಕ್ಕೆ ಹನ್ನೆರಡು ಪುಟದ ಒಂದು ನಮೂನೆ ಇತ್ತು. ನೆಲ ಒರೆಸಿದ್ದಾರೆಯೇ, ಔಷಧದ ಕಪಾಟಿಗೆ ಬೀಗ ಇದೆಯೇ, ಹಾಸಿಗೆ ಹುಣ್ಣು ಎಷ್ಟು ಜನಕ್ಕೆ, ಹೀಗೆ. ಬೇರೆ ತಪಾಸಣೆಯವರು ಎರಡು ಗಂಟೆಯಲ್ಲಿ ಎಲ್ಲಕ್ಕೂ ಗುರುತು ಹಾಕಿ ಎದ್ದುಬಿಡುತ್ತಿದ್ದರು. ನಮ್ಮತ್ತೆ ನಮೂನೆಯನ್ನು ಅರ್ಧ ಗಂಟೆಯಲ್ಲೇ ತುಂಬಿ ಚೀಲಕ್ಕೆ ಹಾಕಿಕೊಂಡು, "ಒಂದು ಕುರ್ಚಿ ಕೊಡ್ತೀರಾ?" ಎಂದು ಕೇಳುತ್ತಿದ್ದಳು. ಆಮೇಲೆ ಓಣಿಯಂಥ ಆ ಉದ್ದನೆಯ ಹಜಾರದಲ್ಲಿ ಗೋಡೆಗೊರಗಿ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ನೀರಿನ ಲೋಟ ಮಲಗಿದವರ ಕೈಗೆ ಎಟುಕುತ್ತದೆಯೋ ಇಲ್ಲವೋ. ಕನ್ನಡಕ ಅವರದೇ ಮೂಗಿನ ಮೇಲಿದೆಯೋ, ಪಕ್ಕದ ಮಂಚದವರ ಮೂಗಿನ ಮೇಲೋ. ಮಗ್ಗುಲು ಬದಲಿಸುವ ಮೊದಲು ಆಯಾ ಒಂದು ಮಾತು ಹೇಳುತ್ತಾಳೋ, ಮೂಟೆ ಹೊರಳಿಸಿದಂತೆ ಹೊರಳಿಸುತ್ತಾಳೋ. ಇವನ್ನೆಲ್ಲ ಅವಳು ಸುಮ್ಮನೆ ನೋಡುತ್ತಿದ್ದಳು. ಎಲ್ಲರೂ ಅವಳಿಗೆ ಕುರ್ಚಿಯಮ್ಮ ಎಂದು ಹೆಸರಿಟ್ಟಿದ್ದರು. "ಕುರ್ಚಿಯಮ್ಮ ಈ ಕಡೆಯಿಂದ ಹೊರಟಿದ್ದಾಳಂತೆ, ನಿಮ್ಮ ಕಡೆಗೇ ಇರಬೇಕು" ಎಂದು ಒಂದು ಆರೈಕೆ ಮನೆಯಿಂದ ಇನ್ನೊಂದಕ್ಕೆ ಫೋನು ಓಡುತ್ತಿತ್ತು.

ಈ ಚಟ ಅವಳಿಗೆ ನಮ್ಮ ಮನೆಗೆ ಬಂದಾಗಲೂ ಬಿಡುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಜ್ವರದಲ್ಲಿ ಮಲಗಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಕೋಣೆಯಲ್ಲೆಲ್ಲ ಕಣ್ಣಾಡಿಸಿದಳು. ಅಮ್ಮ ನಗುತ್ತಾ, "ಏನತ್ತಿಗೆ, ನಮಗೆಷ್ಟು ಅಂಕ?" ಎಂದಳು.

"ಲೋಟ ಮಗೂ ಕೈಗೆ ಸಿಗಲ್ಲ. ಕಿಟಕಿ ಬಿಸಿಲು ನೇರ ಕಣ್ಣಿಗೇ ಹೊಡೀತಿದೆ. ಆದ್ರೆ ನೀನು ಪಕ್ಕದಲ್ಲೇ ಇದ್ದೀಯಲ್ಲ, ಹಾಳಾಗ್ಲಿ ಅಂತ ಎಪ್ಪತ್ತು."

ಅಮ್ಮ ಎಷ್ಟೋ ವರ್ಷ ಆ ಎಪ್ಪತ್ತನ್ನು ಎಲ್ಲರೆದುರು ಹೇಳಿಕೊಂಡು ತಿರುಗಿದಳು.

ನಾನು ಹೇಳಹೊರಟಿರುವುದು ಅತ್ತೆಗೆ ಐವತ್ತಾರು ನಡೆಯುತ್ತಿದ್ದಾಗಿನ ಮಾತು. ಊರಿನಾಚೆ, ಎತ್ತರದ ಮರಗಳ ಸಾಲಿನ ಹಿಂದೆ ಒಂದು ಆರೈಕೆ ಮನೆ ಇತ್ತು. ಅಲ್ಲಿಗೆ ಅದುವರೆಗೆ ಬೇರೆಯವರು ಹೋಗುತ್ತಿದ್ದರು. ಪ್ರತಿ ವರ್ಷವೂ ತೊಂಬತ್ತರ ಮೇಲೆಯೇ ಅಂಕ. ಆ ಸಲ ಸರದಿ ಅತ್ತೆಯದಾಯಿತು.

ಅವಳು ಅಲ್ಲಿಗೆ ಹೋಗಿ ನಮೂನೆ ತುಂಬಿ ಕೂತಾಗ ಬೆಳಿಗ್ಗೆ ಹನ್ನೊಂದು ಗಂಟೆ. ಹಜಾರದ ಎರಡೂ ಕಡೆ ತೆರೆದ ಬಾಗಿಲುಗಳು. ಪ್ರತಿ ಬಾಗಿಲೊಳಗೂ ಬಿಳಿ ಪರದೆ ತೆಳ್ಳಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಮರಗಳ ಎಲೆಗಳನ್ನು ಸೋಸಿಕೊಂಡು ಬಂದ ಬೆಳಕು ನೆಲದ ಮೇಲೆ ಹಸಿರಾಗಿ ಬಿದ್ದು ಅಲುಗಾಡುತ್ತಿತ್ತು. ಆಯಾಗಳು ಮೆತ್ತನೆಯ ಬಟ್ಟೆ ಚಪ್ಪಲಿ ಹಾಕಿಕೊಂಡು ತೇಲಿದಂತೆ ಓಡಾಡುತ್ತಿದ್ದರು. ಎಲ್ಲೂ ಒಂದು ಕೆಟ್ಟ ವಾಸನೆಯಿಲ್ಲ. ಮಂಚಗಳಲ್ಲಿ ಮೂವತ್ತೊಂದು ಜನ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ಹೊದಿಕೆಯ ಮೇಲಿಟ್ಟ ಕೈಗಳು ಕೂಡ ನಿದ್ದೆ ಮಾಡುತ್ತಿದ್ದವು.

ಅತ್ತೆಯ ಕಣ್ಣು ಎಳೆಯತೊಡಗಿತು. ಕೆಲಸದ ಮೇಲೆ ಅವಳೆಂದೂ ತೂಕಡಿಸಿದವಳಲ್ಲ. ಆದರೆ ಆ ಮೌನ ಬೆಚ್ಚನೆಯ ನೀರಿನಂತೆ ಪಾದದಿಂದ ಮೇಲೇರಿ ಮೊಣಕಾಲು, ಎದೆ ಎಲ್ಲ ದಾಟಿಬಿಟ್ಟಿತು.

ಅವಳಿಗೆ ಕನಸು ಬಿತ್ತು. ಕನಸಿನಲ್ಲಿ ಅವಳು ತನ್ನ ಹಳೆಯ ವಾರ್ಡಿನಲ್ಲಿದ್ದಾಳೆ. ವಾರ್ಡಿಗೆ ಗೋಡೆಗಳಿಲ್ಲ. ಅಗಲವಾದ, ಸದ್ದಿಲ್ಲದ ಒಂದು ಹೊಳೆ. ಮಂಚಗಳು ದೋಣಿಗಳಂತೆ ದಡಕ್ಕೆ ತಾಗಿ ನಿಂತಿವೆ. ಅವಳು ಮಡಿಕೆ ಮುರಿಯದ ಸಮವಸ್ತ್ರದಲ್ಲಿ, ಕೈಯಲ್ಲೊಂದು ಚಿಕ್ಕ ಬಟ್ಟಲು ಹಿಡಿದು, ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಾಳೆ. "ಇಷ್ಟೇ ಇಷ್ಟು, ಕುಡಿದುಬಿಡಿ" ಎನ್ನುತ್ತಿದ್ದಾಳೆ. ಕುಡಿದವರ ಮಂಚ ದಡ ಬಿಟ್ಟು ಮೆಲ್ಲಗೆ ಸರಿಯುತ್ತದೆ. ಯಾರೂ ಕೂಗುವುದಿಲ್ಲ, ಕೈ ಚಾಚುವುದಿಲ್ಲ. ನೋಡಲು ಬಹಳ ಚೆಂದ. ಕೊನೆಗೆ ದಡದಲ್ಲಿ ಅವಳೊಬ್ಬಳೇ ಉಳಿದು, ಖಾಲಿ ಬಟ್ಟಲು ನೋಡಿಕೊಂಡಳು.

ಎಚ್ಚರವಾದಾಗ ಹನ್ನೆರಡು ಗಂಟೆ. ಬೆಳಕು ಒಂದು ಗೇಣು ಸರಿದಿತ್ತು, ಅಷ್ಟೇ. ಹೊದಿಕೆಯ ಮೇಲಿನ ಕೈಗಳು ಇಟ್ಟಲ್ಲೇ ಇದ್ದವು.

"ಆಗ ನನಗೆ ಥಟ್ಟಂತ ಹೊಳೀತು ಕಣೇ" ಎಂದು ಅತ್ತೆ ನನಗೆ ಹೇಳಿದ್ದಳು. "ನನಗೆ ಎಚ್ಚರ ಆಗೋ ಹಾಗೆ ಮೂವತ್ತೊಂದು ಮುದುಕರಲ್ಲಿ ಒಬ್ಬರೂ ಒಂದಿಡೀ ಗಂಟೆ ಕೆಮ್ಮಲಿಲ್ಲ, ನೀರು ಕೇಳಲಿಲ್ಲ, ಒಬ್ಬರನ್ನೊಬ್ಬರು ಬೈಯಲಿಲ್ಲ. ಎಲ್ಲಾದ್ರೂ ಉಂಟಾ?"

ಅವಳೆದ್ದು ಹತ್ತಿರದ ಕೋಣೆಗೆ ಹೋದಳು. ಅಲ್ಲಿದ್ದವರು ಹಿಂದೆ ದರ್ಜಿಯಾಗಿದ್ದರು. ಮಂಚದ ತಲೆಯ ಮೇಲೆ ಯಾರೋ ಅವರ ಹಳೆಯ ಅಂಗಡಿಯ ಫೋಟೋ ಅಂಟಿಸಿದ್ದರು. ನಿದ್ದೆಯಲ್ಲೇ ಅವರ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ತಾಗಿಕೊಂಡು ತುಸುವೇ ಮೇಲೇಳುತ್ತಿದ್ದವು, ಇಳಿಯುತ್ತಿದ್ದವು. ಇಲ್ಲದ ಸೂಜಿಯಿಂದ ಇಲ್ಲದ ಬಟ್ಟೆಗೆ ಹೊಲಿಗೆ. ಅತ್ತೆ ಅವರ ಭುಜ ಮುಟ್ಟಿ, "ಏನು ಹೊಲೀತಿದ್ದೀರಿ?" ಎಂದಳು. ಕಣ್ಣು ಅರ್ಧ ತೆರೆಯಿತು. ಅವರಿಗೆ ಏನೋ ಹೇಳಬೇಕಿತ್ತು. ತುಟಿ ಒಣಗಿತ್ತು, ನಾಲಿಗೆ ತಿರುಗಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡರು.

ಅತ್ತೆ ಔಷಧದ ರಿಜಿಸ್ಟರ್ ಮತ್ತೊಮ್ಮೆ ತರಿಸಿಕೊಂಡಳು. ಮೂವತ್ತೊಂದರಲ್ಲಿ ಇಪ್ಪತ್ತಾರು ಜನಕ್ಕೆ ಬೆಳಿಗ್ಗೆಯೂ ರಾತ್ರಿಯೂ ಮಂಪರು ಬರಿಸುವ ಒಂದೇ ಔಷಧ, ಒಂದೇ ಅಳತೆ. ಎಲ್ಲಕ್ಕೂ ವೈದ್ಯರು ಎಂದೋ ಬರೆದುಕೊಟ್ಟ ಚೀಟಿ ಇತ್ತು. ನಮೂನೆಯ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ.

ಅಲ್ಲಿನ ಹೆಡ್ ನರ್ಸ್ ನಲವತ್ತರ ಆಸುಪಾಸಿನ ಹೆಂಗಸು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅತ್ತೆ ರಿಜಿಸ್ಟರ್ ತೋರಿಸಿ, "ಇದೇನಮ್ಮಾ ಇದು?" ಎಂದಳು.

"ಚೆನ್ನಾಗಿ ನಿದ್ದೆ ಮಾಡ್ತಾರೆ ಮೇಡಂ. ಯಾರಿಗೂ ನೋವಿಲ್ಲ, ಬೀಳೋದಿಲ್ಲ."

"ಎಚ್ಚರ ಇದ್ರೆ?"

ಹೆಡ್ ನರ್ಸ್ ರಿಜಿಸ್ಟರ್ ಮುಚ್ಚಿದಳು. "ಬೆಳಗಿನ ಪಾಳಿಗೆ ನಾವಿರೋದು ಮೂರೇ ಜನ. ಅಷ್ಟೂ ಜನ ಒಟ್ಟಿಗೆ ಎದ್ದು ಕೂಗಿದ್ರೆ ಯಾರ ಹತ್ರ ಓಡ್ಲಿ? ನೀವೇ ಹೇಳಿ ಮೇಡಂ, ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ?"

"ಇದೇ ಮಾಡ್ತಿದ್ದೆ" ಎಂದಳು ಅತ್ತೆ. "ಮಾಡಿದ್ದೀನಿ ಕೂಡ. ವಾರ್ಡಿನಲ್ಲಿದ್ದಾಗ ಎಷ್ಟೋ ಸಲ. ಕೊಟ್ಟು ಆಮೇಲೆ, ಅಬ್ಬಾ ಅಂತ ಕೂತ್ಕೊಳ್ತಿದ್ದೆ."

ಅದನ್ನು ಅವಳು ಅದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದ ಮೇಲೂ ಪೆನ್ನು ತೆಗೆದು ನಲವತ್ತೊಂದು ಎಂದು ಬರೆದಳು.

ಇಲಾಖೆಯಲ್ಲಿ ಗಲಾಟೆಯೇ ಆಯಿತು. ಮೇಲಧಿಕಾರಿ ಅವಳನ್ನು ಕರೆಸಿ ನಮೂನೆ ಮುಂದಿಟ್ಟರು. "ಒಬ್ಬರಿಗೂ ಹಾಸಿಗೆ ಹುಣ್ಣಿಲ್ಲ, ವಾಸನೆ ಇಲ್ಲ, ದೂರಿಲ್ಲ. ಎಲ್ಲಾ ಸರಿ ಇರುವಾಗ ನಲವತ್ತೊಂದು ಎಲ್ಲಿಂದ ಬಂತ್ರೀ?"

"ಅಷ್ಟೇ ನೋಡೋದಾದ್ರೆ ಒಳ್ಳೆ ಗೋದಾಮಿಗೂ ತೊಂಬತ್ತು ಬರುತ್ತೆ ಸರ್."

ಅವರಿಗೆ ಸಿಟ್ಟು ಬಂತು. ಆದರೆ ಒಳ್ಳೆಯ ಮನುಷ್ಯ. ಎರಡು ದಿನ ಬಿಟ್ಟು, ಹೇಳದೆ ಕೇಳದೆ ತಾವೇ ಹೋಗಿ ಆ ಹಜಾರದಲ್ಲಿ ಒಂದು ಬೆಳಿಗ್ಗೆ ಕಳೆದು ಬಂದರು. ಬಂದವರು ಅತ್ತೆಯ ಮೇಜಿನ ಬಳಿ ನಿಂತು, "ನನಗೂ ನಿದ್ದೆ ಬಂದುಬಿಡ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಆ ವಾರವೇ ಹೊಸ ವೈದ್ಯೆಯೊಬ್ಬಳನ್ನು ಕಳಿಸಿದರು. ಅವಳು ಒಬ್ಬೊಬ್ಬರನ್ನೇ ಪರೀಕ್ಷಿಸಿ, ಬೇಡದವರಿಗೆ ಔಷಧವನ್ನು ವಾರದಿಂದ ವಾರಕ್ಕೆ ಇಳಿಸುತ್ತಾ ಬಂದಳು. ಪಾಳಿಗೆ ಇನ್ನಿಬ್ಬರು ಆಯಾಗಳನ್ನು ಹಾಕಿಕೊಳ್ಳಲೇಬೇಕೆಂದು ಆರೈಕೆ ಮನೆಗೆ ಆದೇಶವಾಯಿತು.

ಮೂರು ತಿಂಗಳ ನಂತರ ಅತ್ತೆ ಮತ್ತೆ ಹೋಗಬೇಕಾಯಿತು. ಸೊಂಟ ನೋವೆಂದು ಕಾರು ಓಡಿಸಲು ನನ್ನನ್ನು ಕರೆದಳು. ಆಗ ನನಗೆ ಇಪ್ಪತ್ತಮೂರು. ಗೇಟಿನ ಬಳಿಯೇ ಸದ್ದು ಕೇಳಿಸಿತು. ಒಳಗೆ ಹೋದರೆ ಹಜಾರವೆಂಬುದು ಬಸ್ ನಿಲ್ದಾಣವಾಗಿತ್ತು. ಇಬ್ಬರು ಮುದುಕರು ಒಂದು ಕಿಟಕಿಗಾಗಿ ಜಗಳಕ್ಕೆ ಬಿದ್ದಿದ್ದರು. ಯಾರೋ ರಾಗವಿಲ್ಲದೆ ಹಾಡುತ್ತಿದ್ದರು. ಚಾದರದ ಮೇಲೆ ಸಾರು ಚೆಲ್ಲಿತ್ತು. ದರ್ಜಿ ಗಾಲಿ ಕುರ್ಚಿಯಲ್ಲಿ ಕೂತು, ಬಂದುಹೋಗುವವರ ಬಟ್ಟೆಗಳ ಹೊಲಿಗೆಯನ್ನೆಲ್ಲ ಕಣ್ಣಲ್ಲೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಅತ್ತೆಯನ್ನು ಕಂಡವರೇ ಅವಳ ಕೋಟಿನ ತೋಳು ಹಿಡಿದು, "ಇದನ್ನ ಯಾರಮ್ಮಾ ಹೊಲಿದದ್ದು? ಒಂದು ತೋಳು ಅಣ್ಣ, ಒಂದು ತೋಳು ತಮ್ಮ!" ಎಂದರು.

ಅತ್ತೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಆದರೆ ಹಜಾರದ ಕೊನೆಯ ಕೋಣೆಯಿಂದ ಬೇರೆಯದೇ ಕೂಗು ಬರುತ್ತಿತ್ತು. ಅಲ್ಲೊಬ್ಬ ಅಜ್ಜಿ, "ಬಾಗಿಲು ತೆಗೀರಿ, ಬಾಗಿಲು ತೆಗೀರಿ" ಎಂದು ಬಿಡದೆ ಕೂಗುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಅವಳ ಮಗಳು ಹೊರಗೆ ಗೋಡೆಗೊರಗಿ ನಿಂತಿದ್ದಳು. ಕುರ್ಚಿಯಮ್ಮ ಯಾರೆಂದು ತಿಳಿದದ್ದೇ ನೇರ ಎದುರಿಗೆ ಬಂದಳು.

"ನೀವೇ ಏನು? ನಮ್ಮಮ್ಮ ನೆಮ್ಮದಿಯಾಗಿದ್ಲು. ಭಾನುವಾರ ಬಂದ್ರೆ ಮಗು ಥರ ಮಲಗಿರ್ತಿದ್ಲು. ತಲೆ ಸವರಿ ಹೋಗ್ತಿದ್ದೆ. ಈಗ ನೋಡಿ! ಎಚ್ಚರ ಮಾಡಿ ಅವಳಿಗೇನು ಕೊಟ್ರಿ?"

ಅತ್ತೆ ಒಳಗೆ ಹೋಗಿ ಅಜ್ಜಿಯ ಪಕ್ಕ ಕೂತಳು. ಕೈ ಹಿಡಿದಳು. ಒಂದಷ್ಟು ಹೊತ್ತಿಗೆ ಕೂಗು ಗೊಣಗಾಟವಾಯಿತು, ಗೊಣಗಾಟ ಉಸಿರಾಯಿತು. ಅಜ್ಜಿ ಪರದೆಯ ಮೇಲಿನ ಎಲೆಗಳ ನೆರಳು ನೋಡುತ್ತಾ, ಅವು ಮೀನುಗಳೋ ಎಂಬಂತೆ, "ಎಷ್ಟೊಂದು!" ಎಂದಳು. ಅತ್ತೆ ಎದ್ದು ಬಾಗಿಲ ತನಕ ಬರುವಷ್ಟರಲ್ಲಿ ಮತ್ತೆ ಕೂಗು ಶುರುವಾಯಿತು. ಮಗಳು ಮುಖ ತಿರುಗಿಸಿಕೊಂಡಳು.

ಅತ್ತೆ ಆ ದಿನ ಎಪ್ಪತ್ತೆಂಟು ಅಂಕ ಕೊಟ್ಟಳು. ಮನೆ ಹತ್ತಿರ ಬಂದಾಗ, "ಅವಳು ಕೇಳಿದ್ದು ಸರಿಯಾಗೇ ಇದೆ" ಎಂದಳು. ಮುಂದಿನ ತಿಂಗಳು ಆ ಮಗಳು ತಾಯಿಯನ್ನು ಬೇರೆ ಆರೈಕೆ ಮನೆಗೆ ಕರೆದೊಯ್ದಳೆಂದು ಸುದ್ದಿ ಬಂತು. ಊಟದ ನಡುವೆ ಅತ್ತೆ ಸುಮ್ಮನೆ ಗೋಡೆ ನೋಡುತ್ತಾ ಕೂರುವುದನ್ನು ನಾನು ಆ ವರ್ಷ ಹಲವು ಸಲ ಕಂಡಿದ್ದೇನೆ.

ಮರುವರ್ಷ ನಮೂನೆಗೆ ಹದಿಮೂರನೆಯ ಪುಟ ಸೇರಿತು. ಅದರಲ್ಲಿ ಒಂದೇ ಪ್ರಶ್ನೆ: ಬೆಳಿಗ್ಗೆ ಹನ್ನೊಂದಕ್ಕೆ ಎಷ್ಟು ಜನ ಎಚ್ಚರವಿದ್ದರು? ಮೇಲಧಿಕಾರಿಯೇ ಬರೆಸಿದ್ದು.

ಆ ಹೊಸ ನಮೂನೆ ಹಿಡಿದು ಅತ್ತೆ ಹೋದ ಮನೆಗಳಲ್ಲಿ ಆ ಅಜ್ಜಿ ಇದ್ದದ್ದೂ ಒಂದು. ಅದು ಹಳೆಯ ಕಟ್ಟಡ, ಇಕ್ಕಟ್ಟಾದ ಕೋಣೆಗಳು. ನಾನೂ ಜೊತೆಗಿದ್ದೆ. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜಿ ಕಿಟಕಿಯ ಪಕ್ಕ ದಿಂಬಿಗೊರಗಿ ಎಚ್ಚರವಾಗಿದ್ದಳು. ಮಗಳು ಅವಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಕೋಣೆ ಸದ್ದಿಲ್ಲದೆ ಇತ್ತು.

ಮಗಳು ಅತ್ತೆಯನ್ನು ಗುರುತಿಸಿದಳು. ಚಮಚವನ್ನು ಬಟ್ಟಲಲ್ಲಿ ಇಟ್ಟಳು.

"ಇಲ್ಲೂ ಮೊದಲು ಔಷಧ ಕೊಟ್ಟು ಮಲಗಿಸೇ ಇಡಿ ಅಂದೆ" ಎಂದಳು. "ಇಲ್ಲಿನವರು ಒಪ್ಪಲಿಲ್ಲ. ಹತ್ರ ಯಾರಾದ್ರೂ ಕೂತ್ರೆ ಕೂಗಲ್ಲ, ಒಂದು ವಾರ ನೀವೇ ಕೂತು ನೋಡಿ ಅಂದ್ರು. ಕೂತೆ. ಈಗ ದಿನಾ ಮಧ್ಯಾಹ್ನದವರೆಗೆ ಬರ್ತೀನಿ. ಆಮೇಲೆ ಆಯಾ ಇರ್ತಾಳೆ."

"ನಿಮ್ಮನ್ನ ಗುರುತು ಹಿಡೀತಾರಾ?" ಎಂದಳು ಅತ್ತೆ, ಮೆಲ್ಲಗೆ.

"ಇಲ್ಲ. ನನ್ನನ್ನ ಅವಳ ಅಕ್ಕ ಅಂದ್ಕೊಂಡಿದ್ದಾಳೆ. ನನಗೇ ಗೊತ್ತಿಲ್ಲದ ದೊಡ್ಡಮ್ಮನ ಕಥೆಯೆಲ್ಲ ಹೇಳ್ತಾಳೆ." ಮಗಳು ತಾಯಿಯ ಗಲ್ಲ ಒರೆಸಿದಳು. "ಅವತ್ತು ನಿಮಗೆ ಹಾಗೆ ಅಂದುಬಿಟ್ಟೆ."

"ಅನ್ಲೇಬೇಕಿತ್ತು" ಎಂದಳು ಅತ್ತೆ.

ಅಜ್ಜಿ ಇಬ್ಬರನ್ನೂ ನೋಡಿದಳು. ಮಗಳ ಕೈಯನ್ನು ಬಟ್ಟಲಿನ ಕಡೆಗೆ ತಳ್ಳಿ, "ಅಕ್ಕಾ, ಮಾತು ಸಾಕು, ಗಂಜಿ ಆರ್ತಿದೆ" ಎಂದು ಗದರಿದಳು.