ಷಡ್ಜಕ್ಕೆ ಓಡುವ ಚಟ

ಕಾಯುವುದೆಂದರೆ ನನಗೆ ಆಗದು. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ, ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತೇನೆ. ಮೈಸೂರಿನಲ್ಲಿ ಹನ್ನೆರಡು ವರ್ಷ ಸಂಗೀತ ಕಲಿತವಳೆಂಬ ಜಂಬ ಬೇರೆ. ಇವೆರಡೂ ಸೇರಿ ಮಗಳ ಹಾಡು ಕೆಡಿಸಿದವು.

ನಾವಿರುವುದು ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ. ಮಗಳು ಎಂಟನೇ ಕ್ಲಾಸು. ಸ್ಕೂಲಿನ ಕೋಯರ್ ಎಂಬ ಗಾನವೃಂದದಿಂದ ನಾಲ್ವರು ಹುಡುಗಿಯರನ್ನು ಆಸ್ಟಿನ್‌ನ ಸ್ಪರ್ಧೆಗೆ ಆರಿಸಿದ್ದರು, ಅವರಲ್ಲಿ ಇವಳೂ ಒಬ್ಬಳು. ಒಬ್ಬಳು ಮುಖ್ಯ ಧಾಟಿ ಹಾಡುವಾಗ ಉಳಿದವರು ಅದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಿಡಿಯಬೇಕು. ಇವಳದು ಕೆಳಗಿನ ಸಾಲು. ಇದೆಲ್ಲ ನನಗೆ ಅರ್ಥವಾದದ್ದು ಆಮೇಲೆ. ಆಗ ನನಗೆ ಕೇಳಿಸಿದ್ದು ಇಷ್ಟೇ: ಹುಡುಗಿ ಒಂದೇ ಸ್ವರಕ್ಕೆ ಅಂಟಿಕೊಂಡು ಕೂತಿದ್ದಾಳೆ, ಕೊನೆಗೂ ಹಾಡು ಬಂದು ನಿಲ್ಲಬೇಕಾದ ಷಡ್ಜಕ್ಕೆ ಬಾರದೆ ಪಂಚಮದಲ್ಲೇ ನಿಂತುಬಿಡುತ್ತಾಳೆ. ಮನೆ ಬಾಗಿಲವರೆಗೆ ಬಂದು ಚಪ್ಪಲಿ ಬಿಡದೆ ನಿಂತ ಹಾಗೆ. ನನಗೆ ಮೈ ಪರಚಿಕೊಳ್ಳುವಂತಾಯಿತು. ಫೋನಿನಲ್ಲಿ ತಂಬೂರಿ ಹಾಕಿ, ಪಕ್ಕ ಕೂರಿಸಿಕೊಂಡು ಒಂದು ವಾರ ತಿದ್ದಿದೆ.

"ಅಮ್ಮಾ, ದಟ್ಸ್ ನಾಟ್ ಮೈ ಪಾರ್ಟ್."

"ಸುಮ್ನೆ ಹಾಡು, ನಂಗೊತ್ತು."

ಸ್ಕೂಲಿನಲ್ಲಿ ಅವಳ ಗಂಟಲು ನಾನು ಕಲಿಸಿದ ಕಡೆಗೇ ಜಾರಿತು. ಒಂದಲ್ಲ, ಮೂರು ಸಲ. ಟೀಚರ್ ಅವಳ ಜಾಗಕ್ಕೆ ಇನ್ನೊಬ್ಬ ಹುಡುಗಿಯನ್ನು ಹಾಕಿ, ಸೋಮವಾರ ಇಬ್ಬರನ್ನೂ ಮತ್ತೆ ಕೇಳುತ್ತೇನೆ ಅಂದರು. ಮಗಳು ಮನೆಯಲ್ಲಿ ಹಾಡುವುದನ್ನೇ ನಿಲ್ಲಿಸಿದಳು.

ಶನಿವಾರ ಇಬ್ಬರೇ ಹ್ಯೂಸ್ಟನ್‌ಗೆ ಹೊರಟೆವು. ಅಲ್ಲಿ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್‌ನಲ್ಲಿ ಹೊಲಿಯಲು ಕೊಟ್ಟ ಬ್ಲೌಸ್ ತರಲು ನಾಲ್ಕು ಗಂಟೆ ಡ್ರೈವ್ ಮಾಡುವವಳು ನಾನು. ಡಾಲಸ್ ದಾಟಿ ಎಷ್ಟೋ ಹೊತ್ತಾದ ಮೇಲೆ ಅವಳು ಕಿಟಕಿ ಕಡೆ ನೋಡುತ್ತಲೇ, "ಮೇನ್ ಟ್ಯೂನ್ ನೀನು ಹಾಡ್ತೀಯಾ? ಪ್ರಾಕ್ಟೀಸ್‌ಗೆ ಯಾರೂ ಇಲ್ಲ" ಅಂದಳು.

ಹಾಡಿದೆ. ನಡುವೆ ಒಂದು ಕಡೆ ನಾನು ರಿಷಭ, ಅವಳು ಅದಕ್ಕೆ ತಾಗಿದ ಷಡ್ಜ. ಅಕ್ಕಪಕ್ಕದ ಎರಡು ಸ್ವರ ಒಂದಕ್ಕೊಂದು ತಿಕ್ಕಾಡಿದವು. ನನಗೆ ತಡೆಯಲಾಗಲಿಲ್ಲ. ಅವಳ ಷಡ್ಜಕ್ಕೆ ಓಡಿಹೋದೆ.

"ಬರ್ಬೇಡ ಅಮ್ಮಾ! ಅದು ತಪ್ಪಲ್ಲ. ವೇಟ್ ಮಾಡು, ನಾನು ಇಳೀತೀನಿ."

ಮತ್ತೆ ಓಡಿದೆ. ಐದಾರು ಸಲ. ಕೊನೆಗೊಮ್ಮೆ ಮೊಂಡು ಬಿದ್ದು ರಿಷಭದಲ್ಲೇ ಉಳಿದೆ. ಅವಳು ನಿಷಾದಕ್ಕೆ ಇಳಿದಳು. ತಿಕ್ಕಾಟ ಕರಗಿ ಎದೆ ಹಗುರಾಯಿತು. ಹಾಡಿನ ಕೊನೆಗೆ ನಾನು ಷಡ್ಜಕ್ಕೆ ಬಂದಾಗ ಕೆಳಗೆ ಅವಳ ಪಂಚಮ ಕಾದಿತ್ತು. ಅದನ್ನೇ ನಾನು ವಾರವೆಲ್ಲ ಅಳಿಸಿದ್ದೆ. ಹಾಳಾದ ನಾಚಿಕೆ, ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಅವಳ ಮುಖ ನೋಡಲಿಲ್ಲ.

ಸೋಮವಾರ ಸ್ಕೂಲಿನ ಮುಂದೆ ಕಾರು ಹತ್ತಿ ಬೆಲ್ಟ್ ಹಾಕಿಕೊಂಡಳು. ಏನಾಯ್ತು ಎಂಬುದು ತುಟಿಯವರೆಗೆ ಬಂತು. ನುಂಗಿಕೊಂಡೆ. ಎರಡು ಸಿಗ್ನಲ್ ದಾಟಿದೆವು.

"ಆ ಹುಡುಗೀನೇ ಇಟ್ಕೊಂಡ್ರು."

"ತಪ್ಪು ನಂದು ಕಣೇ."

"ಗೊತ್ತು."

ಮೂರನೇ ಸಿಗ್ನಲ್ ಕೆಂಪಾಯಿತು. ಅಲ್ಲಿ ಅವಳು ಮೆಲ್ಲಗೆ ತನ್ನ ಸಾಲು ಶುರು ಮಾಡಿದಳು. ನಾನು ಧಾಟಿ ಹಿಡಿದೆ. ಆ ಜಾಗ ಬಂತು. ಅವಳ ಷಡ್ಜ ಅಳುವಿಗೆ ನಡುಗುತ್ತಿತ್ತು. ನಾನು ರಿಷಭದಲ್ಲೇ ನಿಂತು ಕಾದೆ.