ಹಮ್ರೊಕುಲ್ ಮಾರದ ಲೆನ್ಸು

ತಾಷ್ಕೆಂಟಿನ ಯಾಂಗಿಯಾಬಾದ್ ಸಂತೆಯಲ್ಲಿ, ಹಳೇ ನಲ್ಲಿಗಳ ಸಾಲು ಮುಗಿದು ಪಿಂಗಾಣಿ ಸಾಲು ಶುರುವಾಗುವ ಮೂಲೆಯಲ್ಲಿ, ಹಮ್ರೊಕುಲ್ ಪ್ರತಿ ಭಾನುವಾರ ಹಸಿರು ಕಂಬಳಿ ಹಾಸಿಕೊಂಡು ಕೂರುತ್ತಾನೆ. ಕಂಬಳಿಯ ಮೇಲೆ ಮೂವತ್ತೋ ನಲವತ್ತೋ ಹಳೆಯ ಕ್ಯಾಮೆರಾ ಲೆನ್ಸುಗಳು. ಎಲ್ಲವೂ ಸೋವಿಯತ್ ಕಾಲದವು, ಎಲ್ಲವೂ ಕೈಯಿಂದ ತಿರುಗಿಸಿ ಹೊಂದಿಸಬೇಕಾದವು. ಅರವತ್ತೇಳು ವರ್ಷದ ಈ ಮನುಷ್ಯನನ್ನು ಸಂತೆಯವರೆಲ್ಲ ಹಮ್ರೊಕುಲ್ ಅಕಾ ಎನ್ನುತ್ತಾರೆ. ಎಲ್ಲರಿಗೂ ಅವನು ಅಣ್ಣ. ಹಾಗೆ ಕರೆಯಬೇಕಾಗಿದ್ದ ಒಡಹುಟ್ಟಿದ ತಮ್ಮ ಮಾತ್ರ ನಲವತ್ತೊಂದು ವರ್ಷದಿಂದ ಕರೆದಿಲ್ಲ.

ಹದಿನೈದು ವರ್ಷದ ಹಿಂದೆ ಈ ಗಾಜುಗಳನ್ನು ಕೇಳುವವರೇ ಇರಲಿಲ್ಲ. ಮಕ್ಕಳು ಬಿಸಿಲಲ್ಲಿ ಕಾಗದ ಸುಡುವುದಕ್ಕೆಂದು ಒಯ್ಯುತ್ತಿದ್ದರು, ಅಷ್ಟೆ. ಈಗ ನೋಡಿದರೆ ಬೆಳಗ್ಗೆ ಕಂಬಳಿ ಹಾಸುವ ಮೊದಲೇ ಜನ ನಿಂತಿರುತ್ತಾರೆ. ಗೆಲಿಯೋಸ್ ಎಂಬ ಲೆನ್ಸು ಹಿಂದಿರುವ ಎಲೆಗಳನ್ನು ನೀರಿನ ಸುಳಿಯ ಹಾಗೆ ಸುತ್ತಿಸುತ್ತದಂತೆ. ಯುಪಿತೆರ್ ಎಂಬುದು ಮುಖದ ಮೇಲೆ ಬೆಳಕನ್ನು ಕೆನೆಯ ಹಾಗೆ ಹರಡುತ್ತದಂತೆ. ಒಂದರ ಹಾಗೆ ಇನ್ನೊಂದಿಲ್ಲ, ಒಂದೊಂದಕ್ಕೂ ಒಂದೊಂದು ಹಟ, ಅದೇ ಚೆಂದ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಯಾವುದಕ್ಕಾಗಿ ಹಮ್ರೊಕುಲ್ ತಾನು ಕೆಲಸಕ್ಕಿದ್ದ ಫೋಟೋ ಸ್ಟುಡಿಯೋದ ಹಿರಿಯರಿಂದ ಬೈಸಿಕೊಂಡನೋ ಅದನ್ನೇ ಇವರು ಹುಡುಕಿಕೊಂಡು ಬರುತ್ತಾರೆ. ಅವನು ವಾದಿಸುವುದಿಲ್ಲ, ಒರೆಸಿ ಕೊಡುತ್ತಾನೆ.

ಅವರಲ್ಲೆಲ್ಲ ಹೆಚ್ಚು ಬರುವವಳು ನೋಜಿಮಾ. ಮದುವೆಗಳ ಫೋಟೋ ತೆಗೆಯುವ ಕೆಲಸ, ಮೂವತ್ತರ ಆಸುಪಾಸಿನ ವಯಸ್ಸು, ಬಾಯಿ ಜೋರು.

"ನನ್ನ ಹೊಸ ಲೆನ್ಸು ಎಲ್ಲಾ ತಾನೇ ಮಾಡ್ಕೊಂಡುಬಿಡುತ್ತೆ ಅಕಾ," ಎಂದಳು ಈ ವಸಂತದ ಒಂದು ಭಾನುವಾರ, ಯುಪಿತೆರ್ ಒಂದನ್ನು ಕೈಯಲ್ಲಿ ತಿರುಗಿಸುತ್ತ. "ಮದುಮಗಳ ಕಣ್ಣು ಎಲ್ಲಿದೆ ಅಂತ ನನಗಿಂತ ಮೊದ್ಲು ಅದಕ್ಕೇ ಗೊತ್ತಾಗುತ್ತೆ. ನಾನು ಬರೀ ಒತ್ತೋಳು. ಇದನ್ನ ತಿರುಗಿಸ್ತಾ ಇದ್ರೆ ಮುಖ ಮಂಜಿನೊಳಗಿಂದ ಎದ್ದು ಬರುತ್ತಲ್ಲ, ಆಗ ನಾನೂ ಅಲ್ಲಿದೀನಿ ಅನ್ಸುತ್ತೆ."

"ತಿರುಗಿಸೋಕೆ ಅಷ್ಟು ಆಸೆ ಇದ್ರೆ ನನ್ನ ಕೀಮಾ ಮಿಷನ್ ತಗೊಂಡು ಹೋಗಮ್ಮ," ಎಂದಳು ಪಕ್ಕದಲ್ಲಿ ಪಿಂಗಾಣಿ ಮಾರುವ ಮುದುಕಿ ರೈಸಾ. "ತಿರುಗಿಸಿದ ಮೇಲೆ ಊಟನಾದ್ರೂ ಆಗುತ್ತೆ."

ನೋಜಿಮಾ ನಗುತ್ತಲೇ ಕಂಬಳಿಯ ಅಂಚಿನಲ್ಲಿದ್ದ ಕರವಸ್ತ್ರದ ಗಂಟಿಗೆ ಕೈ ಹಾಕಿದಳು. "ಇದೊಂದನ್ನ ಯಾವತ್ತೂ ಬಿಚ್ಚಲ್ವಲ್ಲ ನೀವು. ಏನಿದೆ ಇದ್ರಲ್ಲಿ?"

"ಅದು ಮಾರೋದಲ್ಲ ಕಣಮ್ಮ. ಕೆಟ್ಟಿರೋದು."

"ಕೆಟ್ಟಿರೋದನ್ನ ಸಂತೆಗೆ ಯಾಕೆ ಹೊತ್ಕೊಂಡು ಬರ್ತೀರಿ?"

ಹಮ್ರೊಕುಲ್ ಗಂಟನ್ನು ತನ್ನತ್ತ ಎಳೆದುಕೊಂಡ. ಮನೆಯಲ್ಲಿ ಬಿಟ್ಟು ಬರಲು ಆಗುವುದಿಲ್ಲ ಎಂಬುದೇ ಕಾರಣ, ಅದನ್ನು ಹೇಳುವುದು ಹೇಗೆ.

ಕೆಟ್ಟಿದ್ದು ಎಂದರೆ ಅದು ಹತ್ತು ನಿಮಿಷದಲ್ಲಿ ಸರಿಹೋಗುವ ಕೆಡುಕು. ಆ ಕಾಲದ ಯುಪಿತೆರ್ ಲೆನ್ಸಿನಲ್ಲಿ ಗಾಜುಗಳ ಗೂಡಿಗೂ ಹೊರಗಿನ ತಿರುಗುವ ಕವಚಕ್ಕೂ ನಡುವೆ ಒಂದು ಹಿತ್ತಾಳೆ ಉಂಗುರ ಇರುತ್ತದೆ, ಪೋಸ್ಟ್‌ಕಾರ್ಡಿನಷ್ಟು ತೆಳ್ಳಗೆ. ಪ್ರತಿ ಲೆನ್ಸಿಗೂ ಅದರದೇ ದಪ್ಪದ ಉಂಗುರ. ಬಿಚ್ಚಿ ತೊಳೆದವನು ಅದದಕ್ಕೆ ಅದದನ್ನೇ ಹಾಕಬೇಕು. ಇಲ್ಲದಿದ್ದರೆ ಕ್ಯಾಮೆರಾದ ಕಿಂಡಿ ಒಂದು ಕಡೆ ತೋರಿಸುತ್ತದೆ, ಗಾಜು ಇನ್ನೊಂದು ಕಡೆ ನೋಡುತ್ತದೆ. ಕಣ್ಣಿಟ್ಟು ನೋಡುವ ಆ ಕಿಂಡಿಯಲ್ಲಿ ಎರಡಾಗಿ ಕಂಡ ಮುಖ ಒಂದಾದರೆ ಫೋಟೋ ಸ್ಪಷ್ಟ ಬರುತ್ತದೆ ಎಂದು ನಂಬಿ ಒತ್ತುತ್ತೇವೆ, ಗಾಜು ನೋಡುತ್ತಿರುವುದು ಅದರ ಹಿಂದಿನದನ್ನು. ಹಗಲು ಬೆಳಕಲ್ಲಿ ದೂರದ್ದನ್ನು ತೆಗೆದರೆ ಇದು ಗೊತ್ತೇ ಆಗುವುದಿಲ್ಲ. ಕಡಿಮೆ ಬೆಳಕಲ್ಲಿ, ಹತ್ತಿರದ ಮುಖವನ್ನು ತೆಗೆದರೆ ಗೊತ್ತಾಗುತ್ತದೆ. ಸ್ಟುಡಿಯೋದಲ್ಲಿ ಕಸ ಗುಡಿಸುವವನಿಗೂ ತಿಳಿದಿದ್ದ ವಿಷಯ ಇದು.

ಎಂಬತ್ತನಾಲ್ಕರ ವಸಂತದಲ್ಲಿ ತಮ್ಮ ಇಸ್ಮತ್‌ನಿಗೆ ಸೇನೆಯ ಕರೆ ಬಂತು. ಹೊರಡುವ ಹಿಂದಿನ ದಿನ ಹಮ್ರೊಕುಲ್, ತಮ್ಮನ ಫೋಟೋ ಚೆನ್ನಾಗಿ ಬರಲಿ ಎಂಬ ಒಂದೇ ಆಸೆಯಿಂದ, ತನ್ನ ಲೆನ್ಸನ್ನು ಬಿಚ್ಚಿ ತೊಳೆದ. ಕೈಗೆ ಸಿಕ್ಕಿತು ಎಂದು ಸ್ಟುಡಿಯೋದ್ದನ್ನೂ ತೊಳೆದ. ಎರಡು ಉಂಗುರಗಳೂ ಒಂದೇ ತಟ್ಟೆಯಲ್ಲಿ ಬಿದ್ದಿದ್ದವು. ಯಾರೋ ಊಟಕ್ಕೆ ಕರೆದರು, ಎದ್ದು ಹೋಗಿ ಬಂದ. ಬಂದವನು ಅದರ ಉಂಗುರವನ್ನು ಇದಕ್ಕೆ, ಇದರದ್ದನ್ನು ಅದಕ್ಕೆ ಹಾಕಿಬಿಟ್ಟ, ಗೊತ್ತೇ ಆಗಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ, ಬೀದಿ ಬಾಗಿಲಿಗೆ ಬೆನ್ನು ಕೊಟ್ಟು ಇಸ್ಮತ್ ನಿಂತ. ಅಮ್ಮ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿ ತಂದಳು. ದೂರ ಹೊರಟ ಮಗ ಅದನ್ನು ಒಂದು ಸಲ ಕಚ್ಚಬೇಕು; ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತಾರೆ, ಅವನು ಬಂದು ತಿಂದು ಮುಗಿಸುವವರೆಗೆ. ಇಸ್ಮತ್ ಬಾಯಗಲಿಸಿ ಕಚ್ಚಿದ.

"ಅಕಾ, ಬೇಗ ತೆಗಿ. ಬಸ್ ತಪ್ಪಿಸ್ಕೊಂಡ್ರೆ ನಿನ್ನ ಕಳಿಸ್ತಾರೆ ನನ್ನ ಬದಲು," ಎಂದ ಬಾಯಿ ತುಂಬಿಕೊಂಡೇ.

"ನುಂಗೋ ಮೊದ್ಲು. ಕತ್ತೆ ಮೇದ ಹಾಗೆ ಬರುತ್ತೆ ಫೋಟೋದಲ್ಲಿ."

ಇಸ್ಮತ್ ನುಂಗಿದ, ನಕ್ಕ. ಕಿಂಡಿಯೊಳಗೆ ಎರಡಾಗಿ ಕಾಣುತ್ತಿದ್ದ ತಮ್ಮ ಒಂದಾದದ್ದನ್ನು ಹಮ್ರೊಕುಲ್ ಕಣ್ಣಾರೆ ಕಂಡ. ಮೂರು ಸಲ ಒತ್ತಿದ.

ಫಿಲ್ಮು ತೊಳೆದಾಗ ಮೂರರಲ್ಲೂ ಹಿಂದಿನ ಬಾಗಿಲ ಮೊಳೆಗಳನ್ನು ಎಣಿಸಬಹುದಿತ್ತು. ಮರದ ಬಿರುಕಿನಲ್ಲಿ ನಿಂತ ಧೂಳೂ ಕಾಣುತ್ತಿತ್ತು. ಇಸ್ಮತ್‌ನ ಮುಖ ಮಾತ್ರ ಆವಿ ಹಿಡಿದ ಕಿಟಕಿಯ ಆಚೆ ನಿಂತಿತ್ತು. ನಗುವಿದ್ದಲ್ಲಿ ಒಂದು ಬಿಳಿ ಮಬ್ಬು. ಎರಡು ವರ್ಷ ತಾನೆ, ಬಂದ ಮೇಲೆ ತೆಗೆದರಾಯಿತು ಎಂದುಕೊಂಡ. ಉಂಗುರವನ್ನು ಮುಟ್ಟಲಿಲ್ಲ, ತಮ್ಮ ಬಂದ ದಿನ ಅವನ ಮುಂದೆಯೇ ಕೂತು ಸರಿಮಾಡುತ್ತೇನೆ, ಚೆನ್ನಾಗಿ ಬೈಯಲಿ ಎಂದು ಲೆನ್ಸನ್ನು ಹಾಗೆಯೇ ಎತ್ತಿಟ್ಟ.

ನವೆಂಬರಿನಲ್ಲಿ ಅಫ್ಘಾನಿಸ್ತಾನದಿಂದ ತಗಡಿನ ಪೆಟ್ಟಿಗೆ ಬಂತು. ಬೆಸುಗೆ ಹಾಕಿ ಮುಚ್ಚಿದ್ದು. ತೆರೆಯಬಾರದೆಂದು ಜೊತೆಗೆ ಬಂದ ಅಧಿಕಾರಿ ನಿಂತೇ ಇದ್ದ. ಅಮ್ಮ ತಗಡಿನ ಮೇಲೆ ಕೆನ್ನೆಯಿಟ್ಟಳು. ಮಗನ ಮುಖ ನೋಡಲು ಅವಳಿಗೆ ಉಳಿದದ್ದು ಆ ಫೋಟೋ ಒಂದೇ. ಫೋಟೋದವನ ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲವೇ ಎಂದರೆ, ಇರಲಿಲ್ಲ. ಊರಿನ ಮದುಮಕ್ಕಳನ್ನೆಲ್ಲ ತೆಗೆದವನು ಮನೆಯವರನ್ನು ನಾಳೆ ತೆಗೆದರಾಯಿತು ಎಂದೇ ಇದ್ದುಬಿಟ್ಟಿದ್ದ. ಶಾಲೆಯ ಗುಂಪು ಫೋಟೋದಲ್ಲಿ ಇಸ್ಮತ್‌ನ ತಲೆ ಅಕ್ಕಿ ಕಾಳಿನಷ್ಟಿತ್ತು. ಫೋಟೋ ಅಂಟಿಸಿದ್ದ ಗುರುತಿನ ಪುಸ್ತಕವನ್ನು ಸೇನೆಯ ಕಚೇರಿ ಇಟ್ಟುಕೊಂಡದ್ದು ಮರಳಿ ಬರಲೇ ಇಲ್ಲ.

ಅಮ್ಮ ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದಳು, ದೂರ ಹಿಡಿದಳು, ಸೆರಗಿನಂಥ ತನ್ನ ತಲೆವಸ್ತ್ರದ ತುದಿಯಿಂದ ಒರೆಸಿದಳು.

"ಅತ್ತೂ ಅತ್ತೂ ನನ್ನ ಕಣ್ಣೇ ಹೋಯ್ತೇನೋ, ಹಮ್ರೊ," ಎಂದಳು. "ಮಗು ಮುಖ ಸರಿಯಾಗಿ ಕಾಣ್ತಾ ಇಲ್ಲ."

ಆಗ ಹೇಳಬಹುದಿತ್ತು. ಒಂದೇ ಮಾತು: ಅಮ್ಮ, ಕಣ್ಣು ನಿನ್ನದಲ್ಲ, ತಪ್ಪು ನನ್ನದು.

"ಹೌದಮ್ಮ, ಕಣ್ಣು ಮಂಜಾಗಿರ್ಬೇಕು," ಎಂದ. "ಕನ್ನಡಕ ಮಾಡಿಸೋಣ."

ಹದಿನೈದು ವರ್ಷದಲ್ಲಿ ಅವಳಿಗೆ ನಾಲ್ಕು ಕನ್ನಡಕ ಮಾಡಿಸಿದ. ಒಂದೊಂದು ಹೊಸದು ಬಂದಾಗಲೂ ಅವಳು ಮೊದಲು ಹೋಗುತ್ತಿದ್ದದ್ದು ಫೋಟೋದ ಹತ್ತಿರ. ನೋಡುತ್ತಿದ್ದಳು, ಸುಮ್ಮನೆ ಕನ್ನಡಕ ತೆಗೆದಿಡುತ್ತಿದ್ದಳು, ಒಲೆಯ ಕಡೆ ಹೋಗುತ್ತಿದ್ದಳು. ಕೊನೆಯ ವರ್ಷ ಹಾಸಿಗೆ ಹಿಡಿದಾಗಲೂ ಕಣ್ಣಿನ ಡಾಕ್ಟರರನ್ನೇ ಬೈದಳು. ಫೋಟೋ ತೆಗೆದ ಮಗನನ್ನು ಒಂದು ಸಲವೂ ಬೈಯದೆ ಸತ್ತಳು. ಹಮ್ರೊಕುಲ್ ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಾರಣ ಹೇಳಿದ.

ಇಸ್ಮತ್‌ನ ಸಮಾಧಿ ಕಲ್ಲಿನ ಮೇಲೆ ಮುಖ ಕೆತ್ತಲೆಂದು ಬಿಟ್ಟ ಮೊಟ್ಟೆಯಾಕಾರದ ಜಾಗ ಖಾಲಿಯಾಗಿಯೇ ಉಳಿಯಿತು. ಈ ಮಬ್ಬಿನಿಂದ ಏನನ್ನು ಕೆತ್ತಲಿ, ಬೇರೆ ತನ್ನಿ ಎಂದು ಕಲ್ಲು ಕೆತ್ತುವವನು ಫೋಟೋ ವಾಪಸ್ಸು ಕೊಟ್ಟಿದ್ದ. ಮಣ್ಣಿಗೆ ಹೋಗುವ ಮೊದಲು ಆ ಜಾಗ ತುಂಬಬೇಕು, ಹಮ್ರೊಕುಲ್‌ಗೆ ಈಗ ಉಳಿದಿರುವುದು ಈ ಒಂದು ಆಸೆ.

ಅದಕ್ಕೇ ಆ ಭಾನುವಾರ ಅವನು ಗಂಟು ಬಿಚ್ಚಿದ. ನೋಜಿಮಾ ಲೆನ್ಸನ್ನು ತನ್ನ ಹೊಸ ಕ್ಯಾಮೆರಾಕ್ಕೆ ಹಾಕಿ, ಪರದೆ ನೋಡುತ್ತ ತಿರುಗಿಸಿ, ಅವನದೇ ಫೋಟೋ ತೆಗೆದು ತೋರಿಸಿದಳು. ಗಾಜು ಕಂಡದ್ದನ್ನೇ ಪರದೆಯಲ್ಲಿ ತೋರಿಸುವ, ಕಿಂಡಿಯ ಹಂಗಿಲ್ಲದ ಕ್ಯಾಮೆರಾ ಅದು. ಒಂದೊಂದು ಸುಕ್ಕೂ ಕಾಣುತ್ತಿತ್ತು.

"ಏನು ಕೆಟ್ಟಿದೆ ಅಕಾ ಇದು? ನಿಮ್ಮ ಕಂಬಳಿ ಮೇಲಿರೋದ್ರಲ್ಲೆಲ್ಲ ಇದೇ ಚೆನ್ನಾಗಿದೆ."

ಹಮ್ರೊಕುಲ್ ಎದೆಯ ಜೇಬಿನಿಂದ ಇಸ್ಮತ್‌ನ ಫೋಟೋ ತೆಗೆದು ಕೊಟ್ಟ. ಅವಳ ಕಣ್ಣು ಅರಳಿತು.

"ಎಷ್ಟು ಚೆನ್ನಾಗಿದೆ. ಕನಸಲ್ಲಿ ಕಂಡ ಹಾಗಿದೆ ಮುಖ. ಇಂಥದ್ದು ಬರಲಿ ಅಂತ ನಾವು ಒದ್ದಾಡ್ತೀವಿ ಅಕಾ. ಬೇಕು ಅಂತಲೇ ಹೀಗೆ ತೆಗೆದ್ರಾ?"

ಪಕ್ಕದ ರೈಸಾ ತಲೆ ತಗ್ಗಿಸಿ ತಟ್ಟೆ ಜೋಡಿಸತೊಡಗಿದಳು. ಅವಳಿಗೆ ಗೊತ್ತಿತ್ತು. ಹಮ್ರೊಕುಲ್ ಎಲ್ಲವನ್ನೂ ಹೇಳಿದ, ಅಮ್ಮನ ಕನ್ನಡಕದ ಮಾತೊಂದನ್ನು ಬಿಟ್ಟು. ನೋಜಿಮಾಳ ಮುಖ ಕೆಂಪಗಾಯಿತು.

"ಕಂಪ್ಯೂಟರಲ್ಲಿ ಈಗ ಇಂಥಾ ಮುಖಾನ ಸರಿ ಮಾಡ್ತಾರಂತಲ್ಲ," ಎಂದ ಅವನು. "ನೆಗೆಟಿವ್ ಇದೆ. ನೋಡ್ತೀಯೇನಮ್ಮ?"

ಮುಂದಿನ ಭಾನುವಾರ ಅವಳು ಲಕೋಟೆ ತಂದಳು. ಒಳಗಿದ್ದ ಫೋಟೋದಲ್ಲಿ ರೆಪ್ಪೆಯ ಕೂದಲು ಒಂದೊಂದೂ ಬಿಡಿಬಿಡಿ. ಕಣ್ಣಲ್ಲಿ ಹೊಳಪು, ನಗುವಿನಲ್ಲಿ ಸಾಲಾಗಿ ಜೋಡಿಸಿದ ಬಿಳಿ ಹಲ್ಲು. ಚೆಂದದ ಹುಡುಗ. ಹಮ್ರೊಕುಲ್ ಅದನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಇವ್ರೇನಾ ಅಕಾ?" ಎಂದು ನೋಜಿಮಾ ಮೆಲ್ಲಗೆ ಕೇಳಿದಳು. "ಅದು ಕಾಣದೇ ಇರೋದನ್ನ ಊಹೆ ಮಾಡಿ ತುಂಬುತ್ತೆ. ಗುರುತು ಹಿಡಿಯೋರು ಹೇಳ್ಬೇಕು."

ಗುರುತು ಹಿಡಿಯಬೇಕಾದವನು ಅವನೇ. ಅವನಿಗೆ ಗೊತ್ತಾಗಲಿಲ್ಲ. ತಮ್ಮನನ್ನು ನೆನೆಯಹೋದರೆ ನಲವತ್ತೊಂದು ವರ್ಷದಿಂದ ಕಣ್ಣ ಮುಂದೆ ಬರುವುದು ಆ ಫೋಟೋದ ಮಬ್ಬೇ. ತಾನು ಕೆಡಿಸಿದ್ದು ಫೋಟೋವನ್ನು ಮಾತ್ರ ಎಂದುಕೊಂಡಿದ್ದ, ನೆನಪನ್ನೂ ಕೆಡಿಸಿಕೊಂಡಿದ್ದ. ಇಷ್ಟು ದಿನ ಗೊತ್ತಿರಲಿಲ್ಲ.

ಅಂದು ಬೇಗ ಕಂಬಳಿ ಮಡಚಿ ಮನೆಗೆ ಬಂದ. ತಂಗಿ ಒಯ್ಸುಲುವ್ ಗಂಡ ಹೋದ ಮೇಲೆ ಅವನ ಜೊತೆಗೇ ಇದ್ದಾಳೆ. ಇಸ್ಮತ್ ಹೋದಾಗ ಅವಳಿಗೆ ಐದು ವರ್ಷ. ಅವಳು ಹೊರಗೆ ಹೋಗಿದ್ದಳು. ಫೋಟೋವನ್ನು ಮೇಜಿನ ಮೇಲಿಟ್ಟು ಹಮ್ರೊಕುಲ್ ಗೋಡೆಯ ಮೊಳೆಯಿಂದ ಬಟ್ಟೆ ಸುತ್ತಿದ ರೊಟ್ಟಿಯನ್ನು ಇಳಿಸಿದ. ಅಮ್ಮ ಸತ್ತ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಒಣಗಿ ಮರದ ತುಂಡಾಗಿತ್ತು, ಒಂದಂಚನ್ನು ಹುಳು ತಿಂದಿತ್ತು. ಕಚ್ಚಿದ ಜಾಗ ಹಾಗೆಯೇ ಇತ್ತು. ಬೆರಳಾಡಿಸಿದ. ಅರ್ಧಚಂದ್ರದ ನಡುವೆ ಒಂದು ಕಡೆ ರೊಟ್ಟಿ ತುಂಡಾಗದೆ ಸಣ್ಣ ದಿಂಡಿನ ಹಾಗೆ ಮೇಲೆದ್ದಿತ್ತು.

ಮುರಿದ ಹಲ್ಲು. ಏಪ್ರಿಕಾಟ್ ಮರದಿಂದ ಬಿದ್ದು ಇಸ್ಮತ್ ಮುಂದಿನ ಹಲ್ಲನ್ನು ಅರ್ಧ ಮುರಿದುಕೊಂಡಿದ್ದ. ಅಪ್ಪನಿಗೆ ಗೊತ್ತಾಗದಿರಲೆಂದು ಒಂದು ವಾರ ತುಟಿ ಬಿಗಿದುಕೊಂಡೇ ಉಂಡಿದ್ದ. ಅದನ್ನೂ ಹಮ್ರೊಕುಲ್ ಮರೆತಿದ್ದ. ಮೇಜಿನ ಮೇಲಿನ ಹುಡುಗ ಎಲ್ಲ ಹಲ್ಲೂ ತೋರಿಸಿ ನಗುತ್ತಿದ್ದ. ಅವನು ಯಾರೋ. ಈ ಭೂಮಿಯ ಮೇಲೆ ಎಲ್ಲೂ ಹುಟ್ಟದವನು.

ಅಷ್ಟರಲ್ಲಿ ಒಯ್ಸುಲುವ್ ಬಂದಳು. ಕೈಚೀಲ ಕೆಳಗಿಟ್ಟು ಮೇಜಿನತ್ತ ನೋಡಿದಳು. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಹೀಗಿದ್ನಾ ನಮ್ಮಣ್ಣ," ಎಂದಳು. "ನನಗೆ ಒಂಚೂರೂ ನೆನಪಿಲ್ಲ ಅಕಾ. ಜನ ಕೇಳ್ದಾಗೆಲ್ಲ ನೆನಪಿದೆ ಅಂತ ಸುಳ್ಳು ಹೇಳ್ತಿದ್ದೆ. ಇವನೇ ಅಲ್ವಾ?"

ಹಮ್ರೊಕುಲ್‌ನ ಬೆರಳು ಇನ್ನೂ ರೊಟ್ಟಿಯ ದಿಂಡಿನ ಮೇಲಿತ್ತು. ಅಮ್ಮನಿಗೆ ಹೇಳದ ನಿಜವನ್ನು ಈಗ ತಂಗಿಗಾದರೂ ಹೇಳಬಹುದಿತ್ತು.

"ಇವನೇ ಕಣೇ," ಎಂದ.

ಬೇಸಿಗೆಯಲ್ಲಿ ಕಲ್ಲು ಸಿದ್ಧವಾಯಿತು. ಕೆತ್ತುವವನ ಕೈ ಒಳ್ಳೆಯದು. ಹಲ್ಲುಗಳನ್ನು ಒಂದೂ ಬಿಡದೆ ಕೆತ್ತಿದ್ದ. ಕೇರಿಯವರು ಬಂದು ಅಂಗೈ ಚಾಚಿ ಪ್ರಾರ್ಥಿಸಿದರು; ಹಳಬರೂ ನೋಡಿ ತಲೆದೂಗಿದರು. ಯಾರಿಗೂ ಸಂಶಯ ಬರಲಿಲ್ಲ. ಅವರೆಲ್ಲ ಹೋದ ಮೇಲೆ ಒಯ್ಸುಲುವ್ ಚೀಲದಿಂದ ರೊಟ್ಟಿಯನ್ನೂ ಒಂದು ಬಟ್ಟಲನ್ನೂ ತೆಗೆದಳು, ಬಾಟಲಿಯ ನೀರು ಸುರಿದಳು.

"ಅಣ್ಣ ಬಂದ್ನಲ್ಲ ಅಕಾ," ಎಂದಳು. ಇಷ್ಟು ಹಗುರವಾಗಿ ಅವಳು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ಇನ್ನು ಇದನ್ನ ಗೋಡೆ ಮೇಲೆ ಕಾಯಿಸ್ಬಾರ್ದು. ನೆನೆಸಿ ಹಕ್ಕಿಗೆ ಹಾಕೋಣ. ಹಾಕ್ಲಾ?"

ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಅವನು ಕಲ್ಲಿನ ಮೇಲಿನ ಅಪರಿಚಿತನನ್ನು ನೋಡಿದ, ತಂಗಿಯನ್ನು ನೋಡಿದ.

"ಹಾಕು," ಎಂದ.

ರೊಟ್ಟಿ ಮೆತ್ತಗಾಗಲು ಬಹಳ ಹೊತ್ತು ಹಿಡಿಯಿತು. ಮೊದಲು ಹುಳು ತಿಂದ ಅಂಚು ಬಿಟ್ಟುಕೊಂಡಿತು, ಆಮೇಲೆ ನಡುಭಾಗ. ಕಚ್ಚಿದ ಜಾಗದ ದಿಂಡು ಕೊನೆಯವರೆಗೂ ಗಟ್ಟಿಯಾಗಿತ್ತು. ಒಯ್ಸುಲುವ್ ಅದನ್ನು ಹೆಬ್ಬೆರಳಿನಿಂದ ಅಮುಕಿ ಪುಡಿಮಾಡಿ, ಕಲ್ಲಿನ ಸುತ್ತ ಚೆಲ್ಲಿದಳು.