ಕುಂಕುಮ ಹತ್ತಿದ ಪುಸ್ತಕ

ಬೀರುವಿನಿಂದ ಈ ಪುಸ್ತಕ ತೆಗೆದರೆ ಇವತ್ತಿಗೂ ಕರ್ಪೂರದ ವಾಸನೆ. ರಟ್ಟಿನ ಮೇಲಿನ ಕುಂಕುಮದ ಬೊಟ್ಟು ಕಂದಿದೆ, ಅಳಿಸಿಲ್ಲ. ಈಗ ಇದನ್ನು ಹೊರತೆಗೆದದ್ದು ಸಿಟ್ಟಿನಿಂದ. ಇಲ್ಲೇ ಅರಸೀಕೆರೆಯಲ್ಲಿ ಒಂಬತ್ತನೇ ಕ್ಲಾಸು ಓದುವ ನನ್ನ ಅಣ್ಣನ ಮಗಳು ಸಹನಾ ಇವತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಅವಳ ಬ್ಯಾಗಿನಲ್ಲಿದ್ದ ಪುಸ್ತಕವನ್ನು ಮೇಷ್ಟ್ರು ಕಿತ್ತುಕೊಂಡರಂತೆ. ಅವಳ ವಯಸ್ಸಿನವರಿಗೆಂದೇ ಬರೆದದ್ದು. ದೇವರನ್ನು ಯಾಕೆ ನಂಬುತ್ತೇವೆ, ನಂಬಲಾಗದಿದ್ದರೆ ಏನು ಮಾಡುವುದು ಎಂದು ಕೇಳುವ ಪುಸ್ತಕ. "ಇಂಥದ್ದೆಲ್ಲ ಓದಿದ್ರೆ ಕೆಟ್ಟೋಗ್ತೀಯ" ಅಂದರಂತೆ. ಅವರು ಅದರ ಒಂದು ಪುಟ ಓದಿದ್ದರೂ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ನಾನು ಓದಿ ಕೆಟ್ಟವಳು. ಅಂದರೆ, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು. ಹೇಳಿಕೊಳ್ಳಲು ಸಂಕೋಚವಿಲ್ಲ, ಬೇಕಾದರೆ ಜಂಬ ಅನ್ನಿ.

ನಮ್ಮೂರು ಮಾದಿಹಳ್ಳಿಯಲ್ಲಿ ನಾನೂ ಒಂಬತ್ತನೆಯಲ್ಲಿದ್ದಾಗ ಚರ್ಚಾ ಸ್ಪರ್ಧೆಯಲ್ಲಿ ಬಹುಮಾನ ಬಂದ ಪುಸ್ತಕವಿದು. ದೇವರಿದ್ದಾನೋ ಇಲ್ಲವೋ ಎಂದು ರಟ್ಟಿನ ಮೇಲೆಯೇ ದಪ್ಪಕ್ಷರದಲ್ಲಿ ಕೇಳಿತ್ತು. ಓದು ಬಾರದ ಅವ್ವ ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿಗಳ ಪಕ್ಕ ನನ್ನ ಸ್ಕೂಲು ಬ್ಯಾಗನ್ನೂ ಜೋಡಿಸಿ, ಬಹುಮಾನದ್ದು ಅಂತ ಎಲ್ಲಕ್ಕಿಂತ ಮೇಲೆ ಈ ಪುಸ್ತಕವಿರಿಸಿ, ಬೊಟ್ಟಿಟ್ಟು, ಸೇವಂತಿಗೆ ಮುಡಿಸಿ, ಮಂಗಳಾರತಿ ಮಾಡಿಬಿಟ್ಟಳು.

ಪ್ರಸಾದಕ್ಕೆ ಬಂದ ದೊಡ್ಡಪ್ಪ ಮಠಕ್ಕೆ ನಡೆದುಕೊಳ್ಳುವವರು, ಅಕ್ಷರ ಬಲ್ಲವರು. ಬಗ್ಗಿ ಓದಿದರು.

"ಏನಮ್ಮಾ ಇದು! ದೇವ್ರು ಅವ್ನೋ ಇಲ್ವೋ ಅಂತ ದೇವ್ರ ಮುಂದೇನೇ ಕೇಳ್ಸಿದ್ದೀಯಲ್ಲ! ಒಲೆಗಾಕು ಇದನ್ನ."

ಅವ್ವ ಸೆರಗು ಸರಿಮಾಡಿಕೊಂಡಳು. "ಪೂಜೆ ಆಗೋಗೈತೆ ಭಾವ. ಪೂಜೆ ಆಗಿದ್ದನ್ನ ಒಲೆಗಾಕ್ತಾರಾ?"

"ಹಂಗಾರೆ ಇವಳ್ನ ಸ್ಕೂಲು ಬಿಡ್ಸು."

"ಬ್ಯಾಗಿಗೂ ಪೂಜೆ ಆಗೈತೆ."

ಸ್ಕೂಲು ಉಳಿಯಿತು. ಆದರೆ ದೊಡ್ಡಪ್ಪನ ತೀರ್ಮಾನ ಕೇಳಿ: ಪುಸ್ತಕ ದೇವರಮನೆಯಲ್ಲೇ ಇರಲಿ, ದಿನಾ ಹೂವಿಡಲಿ, ಯಾರೂ ಓದಕೂಡದು! ಉತ್ತರ ಕೊಡಲಾಗದ ಪ್ರಶ್ನೆಗೆ ಕೈಮುಗಿದು ಬಾಯಿ ಮುಚ್ಚಿಸಿದರಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುದಿನದಿಂದ ಪೂಜೆ ನಾನೇ ವಹಿಸಿಕೊಂಡೆ. ಬಾಗಿಲು ಓರೆ ಮಾಡಿಕೊಂಡು ಒಂದು ಕೈಯಲ್ಲಿ ಗಂಟೆ ಅಲ್ಲಾಡಿಸುತ್ತ ಇನ್ನೊಂದರಲ್ಲಿ ಪುಟ ತಿರುಗಿಸುತ್ತಿದ್ದೆ. "ಹುಡ್ಗೀಗೆ ಭಕ್ತಿ ಬಂದೈತೆ ಕಣ್ರಪ್ಪ" ಎಂದು ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು. ಓದಿ ಮುಗಿದ ಮೇಲೆ ಬಸ್ತಿಹಳ್ಳಿಯ ಜೈನ ಬಸದಿಗೆ ಹೋಗಿ, ಬೇರೆಯವರ ದೇವರಾದರೂ ಪರವಾಗಿಲ್ಲ ಎಂದು, ಆ ಎತ್ತರದ ಮೂರ್ತಿಯ ಮುಂದೆ ನಿಂತು ಅದೇ ಪ್ರಶ್ನೆ ಕೇಳಿದೆ. ಸಿಡಿಲೇನೂ ಬಡಿಯಲಿಲ್ಲ. ಇವತ್ತೂ ಹಣೆಗೆ ವಿಭೂತಿ ಹಚ್ಚುತ್ತೇನೆ. ಕೆಲವು ದಿನ ನಂಬಿಕೆಯಿಂದ, ಕೆಲವು ದಿನ ಬರೀ ಅಭ್ಯಾಸದಿಂದ. ಎರಡರ ವ್ಯತ್ಯಾಸ ತಿಳಿದದ್ದು ಈ ಪುಸ್ತಕದಿಂದ. ನೀವೇ ಹೇಳಿ, ಇದರಲ್ಲಿ ಕೆಟ್ಟದ್ದು ಯಾವುದು?

ಇಷ್ಟನ್ನೂ ಸಹನಾಳಿಗೆ ಹೇಳಿ ಪುಸ್ತಕ ಕೈಗಿಟ್ಟೆ. ಅವಳು ಗೆಲುವಾಗಿ ದೇವರಮನೆ ಕಡೆ ಹೊರಟಳು.

"ಎಲ್ಲಿಗೇ?"

"ನಿಮ್ ಥರಾನೇ ಅತ್ತೆ. ಗಂಟೆ ಹೊಡ್ಕೊಂಡು ಓದ್ತೀನಿ. ಯಾರ್ಗೂ ಡೌಟ್ ಬರಲ್ಲ."

ಇಷ್ಟು ವರ್ಷ ನಗುನಗುತ್ತ ಹೇಳುತ್ತಿದ್ದ ಕತೆ. ಇವತ್ತು ನಗು ಬರಲಿಲ್ಲ.

"ಬೇಡ ಕಣೇ. ಜಗಲಿ ಮೇಲೆ ಕೂತ್ಕೊಂಡು ಓದು. ನಾಳೆ ನಿನ್ ಪುಸ್ತಕ ಕೇಳೋಕೆ ನಾನೇ ಸ್ಕೂಲಿಗೆ ಬರ್ತೀನಿ."

ಕೂತಳು. ನಾನೂ ಪಕ್ಕದಲ್ಲಿ ಕೂತೆ. ಬೀದಿಯಲ್ಲಿ ಹೋಗುವವರಿಗೆ ರಟ್ಟಿನ ಅಕ್ಷರ ಕಾಣಲಿ, ಸ್ವಲ್ಪ ಎತ್ತಿ ಹಿಡಿ ಎಂದೆ.